ಭಾವನ ಹಳೇ ಕಾರಿಗೆ ಎರಡು ಸ್ಟ್ಯಾಂಡು

ಇಲ್ಲ, ನೀವು ನಂಬುತ್ತಿಲ್ಲ, ನಿಮ್ಮ ಹುಬ್ಬೇ ಹೇಳುತ್ತಿದೆ. ನಲವತ್ತು ವರ್ಷ ಕಾರುಗಳ ಕೆಳಗೆ ಮಲಗಿದವನ ಮೈಮೇಲೆ ಒಂದು ಗಾಯದ ಗುರುತೂ ಇಲ್ಲವೆಂದರೆ ಯಾರು ನಂಬುತ್ತಾರೆ ಹೇಳಿ! ಆದರೆ 'ಮೆಲ್ಲಗೆ ಮೇಸ್ತ್ರಿ' ಎಂದೇ ಹೆಸರಾದ ನಮ್ಮೂರ ಕಾರು ಮೆಕ್ಯಾನಿಕ್ಕಿನ ವಿಷಯದಲ್ಲಿ ಅದು ನಿಜ. ಮದುವೆಯ ದಿನ ಕೂರುವ ಮೊದಲು ಅವನು ಬಗ್ಗಿ ಕುರ್ಚಿಯ ನಾಲ್ಕೂ ಕಾಲು ನೋಡಿದನಂತೆ. ಉಂಗುರ ಬಿದ್ದಿರಬೇಕೆಂದು ಮಾವನೂ ಬಗ್ಗಿ ಹುಡುಕಿದನಂತೆ. ಅದನ್ನು ಬೇಕಾದರೆ ಬಿಡಿ, ಅವನ ಭಾವನ ಕಾರಿನದು ಪೂರ್ತಿ ನಿಜ.

ಒಂದು ಭಾನುವಾರ ಅವನ ಅಕ್ಕ ಮಧ್ಯಾಹ್ನದ ಊಟಕ್ಕೆ ಕರೆದಿದ್ದಳು. ಮೇಸ್ತ್ರಿ ಗೇಟು ತೆಗೆದರೆ ಕಂಡದ್ದು ಭಾವನ ಎರಡು ಕಾಲು ಮಾತ್ರ. ಸೊಂಟದಿಂದ ಮೇಲಿನ ಭಾವ ಮೂವತ್ತು ವರ್ಷ ಹಳೆಯ ಕಾರಿನ ಕೆಳಗಿದ್ದ. ಆ ಕಾರಿಗೂ ಭಾವನ ಎದೆಗೂ ನಡುವೆ ಇದ್ದದ್ದು ಬಾಗಿಲ ಕೆಳಗಿನ ಅಂಚಿಗೆ ಕೊಟ್ಟ ಒಂದೇ ಒಂದು ಜಾಕ್.

ಕೂಗಿದರೆ ಭಾವ ಬೆಚ್ಚಿ ಅಲುಗಾಡುತ್ತಾನೆ. ಕಾಲು ಹಿಡಿದು ಎಳೆಯೋಣವೆಂದರೆ ಅಕ್ಕನ ಗಂಡ, ಮೇಲಾಗಿ ನಿವೃತ್ತ ಹೆಡ್ ಕ್ಲರ್ಕ್. ಮೇಸ್ತ್ರಿ ಮೆಲ್ಲಗೆ ಕೂತ.

"ಭಾವ, ನಿಮ್ಮ ಕೈಲಿರೋದು ಹನ್ನೆರಡರ ಸ್ಪ್ಯಾನರ್ ಅಲ್ವಾ? ಅಲ್ಲಿಗೆ ಹದಿಮೂರು ಬೇಕು."

"ಯಾರಿಗೆ ಹೇಳ್ತೀಯೋ? ಇದು ಹದಿಮೂರೇ!"

"ಬೆಳಕಿಗೆ ತನ್ನಿ, ನೋಡೇ ಬಿಡೋಣ."

ವಾದದಲ್ಲಿ ಸೋತು ಗೊತ್ತಿಲ್ಲದ ಭಾವ ತೆವಳಿಕೊಂಡು ಈಚೆ ಬಂದ. ಸ್ಪ್ಯಾನರ್ ಹದಿಮೂರರದೇ ಆಗಿತ್ತು.

"ನೋಡಿದ್ಯಾ?"

"ನೋಡ್ದೆ. ತಪ್ಪಾಯ್ತು. ಈಗ ಇದನ್ನೂ ನೋಡಿ." ಮೇಸ್ತ್ರಿ ಜಾಕಿನ ಪಕ್ಕದ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ತುಕ್ಕು ಪುಡಿಪುಡಿಯಾಗಿ ಉದುರಿತು.

ಭಾವ ಆ ತೂತಿಗೆ ಬೆರಳು ಹಾಕಿ ನೋಡಿದ. ಆಮೇಲೆ, "ಜಾಕ್ ಎರಡು ಟನ್ ತಡೆಯತ್ತೆ ಅಂತ ಬರೆದಿದೆಯಲ್ಲೋ," ಎಂದ.

"ಜಾಕ್ ತಡೆಯತ್ತೆ ಭಾವ. ನಿಮ್ಮ ಕಾರು ತಡೀಬೇಕಲ್ಲ! ಜಾಕ್ ಇರೋದು ಎತ್ತೋಕೆ. ಎತ್ತಿದ್ದನ್ನ ಹೊರೋಕೆ ಸ್ಟ್ಯಾಂಡೇ ಬೇಕು."

ಮೇಸ್ತ್ರಿ ಜಾಕ್ ಇಳಿಸಿದ. ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ಬೆಣೆ ಕೊಟ್ಟ. ಈ ಸಲ ಜಾಕ್ ಹೋದದ್ದು ಎಂಜಿನ್ನಿನ ಕೆಳಗಿನ ದಪ್ಪ ಅಡ್ಡಪಟ್ಟಿಗೆ. ತನ್ನ ಗಾಡಿಯಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದು, ಎಡಬಲದ ಗಟ್ಟಿ ಚಾಸಿಸ್ಸಿನ ಕೆಳಗೆ ಇಟ್ಟು, ಭಾರವನ್ನು ಅವುಗಳ ಮೇಲೆ ಬಿಟ್ಟು, ಕಾರಿಗೆ ಭುಜ ಕೊಟ್ಟು ನೂಕಿದ. ಎಡಗಡೆಯ ಸ್ಟ್ಯಾಂಡ್ ಲೊಟಕ್ಕೆಂದಿತು. ಅದರ ಒಂದು ಕಾಲು ಚರಂಡಿಯ ಅಲುಗುವ ಚಪ್ಪಡಿಯ ಮೇಲಿತ್ತು. ಕಾರನ್ನು ಮತ್ತೆ ಎತ್ತಿ, ಪೂರ್ತಿ ಇಳಿಸಿ, ಒಂದು ಮೊಳ ಹಿಂದೆ ತಳ್ಳಿ, ಎಲ್ಲವನ್ನೂ ಮೊದಲಿನಿಂದ ಮಾಡಿದ.

"ಸಾಕು ಬಿಡೋ, ಹೀಗಾದ್ರೆ ಕತ್ತಲಾಗತ್ತೆ," ಎಂದು ಭಾವ ಗೊಣಗಿದ. ಆದರೆ ಮೇಸ್ತ್ರಿ ಎರಡನೇ ಸಲ ನೂಕುವಾಗ ತಾನೂ ಭುಜ ಕೊಟ್ಟ. ಕಾರು ಕಮಕ್ ಕಿಮಕ್ ಎನ್ನಲಿಲ್ಲ.

"ಈಗ ಹೋಗಿ ಭಾವ. ನಿಮ್ಮ ಹದಿಮೂರನ್ನೂ ತಗೊಂಡು ಹೋಗಿ."

ಭಾವ ಕಾರಿನ ಕೆಳಗೆ ಹೋದ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. "ಇಬ್ರೂ ಊಟಕ್ಕೆ ಏಳ್ತೀರೋ, ಇಲ್ಲ ತಟ್ಟೆಗಳನ್ನ ಅಲ್ಲಿಗೇ ತಳ್ಳಲೋ?"

"ಇನ್ನೊಂದೇ ನಟ್ಟು ಕಣೇ!" ಎಂದಿತು ಕಾರಿನ ಹೊಟ್ಟೆ.

ಮೇಸ್ತ್ರಿ ಭಾವನ ಚಪ್ಪಲಿಗೆ ಮೆಲ್ಲಗೆ ತಟ್ಟಿದ. "ಏಳಿ ಭಾವ. ಕಾರು ಸಂಜೆವರೆಗೂ ನಿಂತಿರತ್ತೆ. ಅಕ್ಕ ನಿಲ್ಲಲ್ಲ."