ಗಂಟೆಯೂ ದಾಖಲಾದ ಟೇಪು

ತಿರುವನಂತಪುರದ ನಮ್ಮ ಕಚೇರಿಗೆ ಟರ್ಮಿನಲ್ ಬಂದದ್ದು ಎಪ್ಪತ್ತರ ದಶಕದಲ್ಲಿ. ಟೈಪ್‌ರೈಟರಿಗೆ ದೊಡ್ಡಣ್ಣನಂಥ ಯಂತ್ರ. ಫೋನ್ ತಂತಿಯ ಮೂಲಕ ಊರಾಚೆಯ ಕಂಪ್ಯೂಟರಿನೊಡನೆ ಮಾತಾಡುತ್ತಿತ್ತು. ನಾವು ಒತ್ತಿದ್ದು, ಅದು ಉತ್ತರಿಸಿದ್ದು ಎಲ್ಲವೂ ಪಕ್ಕದ ಕಾಗದದ ಟೇಪಿನಲ್ಲಿ ತೂತುಗಳಾಗಿ ದಾಖಲಾಗುತ್ತಿತ್ತು. ಆ ಟೇಪನ್ನು ಮತ್ತೆ ಓಡಿಸಿದರೆ ನಡೆದದ್ದೆಲ್ಲ ಇದ್ದ ಹಾಗೇ ಅಚ್ಚಾಗುತ್ತಿತ್ತು.

ಅದರ ಉಸ್ತುವಾರಿ ಧಾರವಾಡದ ನಮ್ಮ ಹಿರಿಯರದ್ದು. ಮೈಸೂರಿನಿಂದ ಬಂದ ನಾನು ಅವರ ಸಹಾಯಕಿ. ಯಂತ್ರದೊಳಗೊಂದು ಗಂಟೆಯಿತ್ತು, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಮೊಳಗುತ್ತಿತ್ತು. ಕೆಲಸಗಾರರನ್ನು ಎಚ್ಚರಿಸಲೆಂದು ಇಟ್ಟ ಆ ಗಂಟೆಯನ್ನು ಇವರು ಚಹಾಕ್ಕೆ ಹಚ್ಚಿದ್ದರು. ಟಿಂಗ್ ಎಂದರೆ ಸಾಕು, ಪಕ್ಕದ ಕ್ಯಾಂಟೀನಿನ ಅಕ್ಕ, ಅಲ್ಲಿಯ ಮಲಯಾಳಂನಲ್ಲಿ ಚೇಚಿ, ಲೋಟ ಹಿಡಿದು ಹಾಜರು.

ಒಮ್ಮೆ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ತನಿಖೆಗೆ ಬಂದರು. ಅವರು ಕೆಲಸ ಮೆಚ್ಚದಿದ್ದರೆ ಯಂತ್ರ ಕೊಚ್ಚಿಗೆ, ಅದರ ಹಿಂದೆ ಹಿರಿಯರೂ ಕೊಚ್ಚಿಗೆ. ವರ್ಗ ವರ್ಗವೆಂದು ಊರೂರು ಅಲೆದ ಅವರ ಹೆಂಡತಿ ಈಗಷ್ಟೇ ಇಲ್ಲಿ ನೆಲೆಯೂರಿದ್ದರು. ಮಗಳು ಹತ್ತನೆಯ ತರಗತಿ. ಅಂದೇ ಫೋನ್ ತಂತಿ ಕೈಕೊಟ್ಟಿತು. ಹಿರಿಯರು ಹಿಂದಿನ ದಿನದ ಟೇಪನ್ನೇ ಓಡಿಸಿ ತೋರಿಸಹೊರಟರು.

ಟಿಂಗ್! ಹಿಂದಿನ ದಿನದ ಚಹಾದ ಗಂಟೆಯೂ ಟೇಪಿನಲ್ಲಿತ್ತು. ಚೇಚಿ ಬಂದರು. "ಚಾಯ, ಸಾರೇ." ಒಂದಷ್ಟು ಸಾಲು ಅಚ್ಚಾಗುವಷ್ಟರಲ್ಲಿ ಮತ್ತೆ ಟಿಂಗ್, ಮತ್ತೆ ಚೇಚಿ. ಹಿರಿಯರು ಬೇಡವೆಂದು ಕೈಯಾಡಿಸಿದರೂ ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ! ಅಧಿಕಾರಿಯ ಮುಂದೆ ಲೋಟಗಳು ಸಾಲುಗಟ್ಟಿದವು.

"ಇದು ಲೆಕ್ಕದ ದಾಖಲೆಯೋ, ಚಹಾದ್ದೋ?" ಎಂದರು ಅವರು. "ಊಟದ ನಂತರ ಶುದ್ಧ ಟೇಪು ತೋರಿಸಿ. ಇಲ್ಲವಾದರೆ ಕೊಚ್ಚಿ."

ನಾನು ಊಟ ಬಿಟ್ಟು ಕೂತೆ. ಹಳೆಯ ಟೇಪನ್ನು ತಡೆತಡೆದು ಓಡಿಸುತ್ತ, ಗಂಟೆಯ ತೂತನ್ನೂ ಹಿರಿಯರು ತಪ್ಪಿ ಒತ್ತಿದ್ದನ್ನೂ ಅಕ್ಕಿಯ ಕಲ್ಲಿನಂತೆ ಆರಿಸಿಬಿಟ್ಟು, ಉಳಿದದ್ದನ್ನು ಹೊಸ ಟೇಪಿಗೆ ಇಳಿಸಿದೆ. ಹೊಟ್ಟೆ ತಾಳ ಹಾಕುತ್ತಿತ್ತು. ಕ್ಯಾಂಟೀನಿನ ಆ ತಣ್ಣಗಾದ ಚಹಾಗಳೆಲ್ಲ ನನ್ನ ಪಾಲಿಗೇ ಬಂದವು.

ಮಧ್ಯಾಹ್ನ ಟೇಪು ಒಂದೂ ಟಿಂಗ್ ಇಲ್ಲದೆ ಮುಗಿಯಿತು. "ಯಾರು ಮಾಡಿದ್ದು?" ಎಂದರು ಅಧಿಕಾರಿ. ಹಿರಿಯರಿಗೆ ಸುಳ್ಳು ಬಾರದು. ಹೆಮ್ಮೆಯಿಂದ ನನ್ನತ್ತ ಬೆರಳು ಮಾಡಿದರು.

ತಿಂಗಳೊಳಗೆ ಆದೇಶ ಬಂತು. ಯಂತ್ರ ಇಲ್ಲೇ, ಹಿರಿಯರೂ ಇಲ್ಲೇ. ಕೊಚ್ಚಿಗೆ ಹೊಸದೊಂದು ಯಂತ್ರ ಬರುತ್ತಿದೆ, ಟೇಪು ಶುದ್ಧ ಮಾಡಬಲ್ಲವರು ಬೇಕು, ಆದ್ದರಿಂದ ನಾನು ಅಲ್ಲಿಗೆ. ಮಾಡಿದ್ದುಣ್ಣೋ ಮಹರಾಯ!

ಹಿರಿಯರು ಸಂಸಾರಸಮೇತ ಸ್ಟೇಷನ್ನಿಗೆ ಬಂದಿದ್ದರು. "ನಿನ್ನ ಹೆಸ್ರು ಹೇಳಬಾರ್ದಿತ್ತು ತಂಗಿ. ಭಾಳ ತಪ್ಪಾತು" ಎಂದರು.

"ಬಿಡಿ ಸಾರ್, ಕೊಚ್ಚೀಲಿ ಮೀನು ಚೆನ್ನಾಗಿರುತ್ತಂತೆ" ಎಂದೆ. ನಾನು ಮೊಟ್ಟೆಯನ್ನೂ ಮುಟ್ಟದವಳೆಂದು ಅವರಿಗೆ ಗೊತ್ತು, ಆದರೂ ನಗಲಿಲ್ಲ.

ರೈಲು ಹೊರಟ ಮೇಲೆ ನನಗೂ ನಗು ಬರಲಿಲ್ಲ. ಆ ಊರಲ್ಲಿ ನನ್ನನ್ನು ತಂಗಿ ಎನ್ನುತ್ತಿದ್ದವರು ಅವರೊಬ್ಬರೇ. ಕೊಲ್ಲಂ ದಾಟುವವರೆಗೂ ಅತ್ತೆ.