ವಾಲಗಕ್ಕೊಂದು ವಾಲ್ವ್

ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಡುವುದಕ್ಕೆ ಒಂದು ಬಗೆಯ ವೈರಾಗ್ಯ ಬೇಕು. ಅದು ನನ್ನ ಜಾತಕದಲ್ಲಿ ಬರೆದಿಲ್ಲ. ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತೆಂದರೆ ಗೋಡೆ ಗಡಿಯಾರದಿಂದ ಮಿಕ್ಸಿಯವರೆಗೆ ಮನೆಯ ಸಕಲ ಚರಾಚರಗಳೂ ನನ್ನನ್ನು ಕಂಡು ಮೈ ಹಿಡಿ ಮಾಡಿಕೊಳ್ಳುತ್ತವೆ. ಮೂರ್ನಾಡಿನಲ್ಲಿ ಕನ್ನಡ ಮೇಷ್ಟ್ರಾಗಿ ಸಂಧಿ ಸಮಾಸಗಳನ್ನು ಬಿಡಿಸಿ ಬಿಡಿಸಿ ನಿವೃತ್ತನಾದವನು ನಾನು. ಆ ಬಿಡಿಸುವ ಚಟ ಈಗ ವಸ್ತುಗಳಿಗೆ ತಗುಲಿಕೊಂಡಿದೆ ಎಂದು ಮನೆಯವರ ಅಭಿಪ್ರಾಯ. ಮನೆಯವರೆಂದರೆ ನನ್ನ ಹೆಂಡತಿ ಮುತ್ತಮ್ಮ, ಒಬ್ಬಳೇ. ನಾನು ಅರ್ಚಕರ ಮನೆಯವನು, ಅವಳು ಕೊಡವರ ಮನೆಯವಳು. ಈ ಸಂಧಿಯನ್ನು ಮಾತ್ರ ಇಷ್ಟು ವರ್ಷಗಳಾದರೂ ಯಾರಿಗೂ ಬಿಡಿಸಲಾಗಿಲ್ಲ.

ಕಳೆದ ಮಳೆಗಾಲದಲ್ಲಿ ಮುತ್ತಮ್ಮ ಅಂಗಳದ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಮೂಳೆ ಕೂಡಿದೆ, ಇನ್ನು ಕೋಲು ಬಿಟ್ಟು ಓಡಾಡಬಹುದು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಅವಳೋ ಕೋಲೂರಿ ಬಚ್ಚಲಿಗೆ ಹೋಗಿ ಬಂದರೆ ಮತ್ತೆ ಕುರ್ಚಿ ಬಿಡಳು. ಬೇಸಿಗೆಗೆ ಅವಳ ತಮ್ಮನ ಮಗಳ ಮದುವೆ. ವಾಲಗ ಶುರುವಾದ ಮೇಲೂ ಕುಣಿಯದೆ ನಿಂತವರನ್ನು ಮೈ ಹುಷಾರಿಲ್ಲವೇ ಎಂದು ವಿಚಾರಿಸುವ ಜನ ಅವರದು. ಅಲ್ಲಿ ಎಲ್ಲರಿಗಿಂತ ಮೊದಲು ಹೆಜ್ಜೆ ಹಾಕುತ್ತಿದ್ದವಳು, "ನಾನು ಕಾರಲ್ಲೇ ಕೂರ್ತೇನೆ, ಅಲ್ಲಿಗೇ ಊಟ ತಂದ್ಕೊಡಿ" ಎಂದಳು. ಅಂದಿನಿಂದ ಕೂತಲ್ಲಿ ಕೂರಲಾಗದೆ ಮನೆಯಲ್ಲಿ ನಾನೊಬ್ಬನೇ ಅವಳ ಪಾಲಿನದನ್ನೂ ಸೇರಿಸಿ ನಡೆದೆ.

ಉಪಾಯವೊಂದು ಹೊಳೆಯಿತು. ಅವಳ ತಮ್ಮನ ಮದುವೆಯ ವಾಲಗದ ರೆಕಾರ್ಡಿಂಗ್ ನಮ್ಮಲ್ಲಿತ್ತು. ಅದನ್ನು ಸ್ಟೀರಿಯೊಗೆ ಹಾಕಿದರೆ ಕಾಲು ತಾನಾಗಿ ಎದ್ದೀತು! ಹಾಕಿದೆ. ಪೀಪಿ ಬಾಯಿ ತೆರೆದದ್ದೇ ತಡ, ಮುತ್ತಮ್ಮ ಕಿವಿ ಮುಚ್ಚಿಕೊಂಡಳು. "ಅಯ್ಯೋ ಮಾರಾಯ್ರೆ, ನಿಲ್ಸಿ ಅದನ್ನು, ತಲೆ ಕೊರೀತದೆ!" ಸ್ಟೀರಿಯೊದ ದನಿಯನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ನನ್ನ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ತೋಳಬಲವುಂಟು, ನಾಲಗೆ ಮಾತ್ರ ಒರಟು. ನಾದ ಮೆತ್ತಗಾಗಬೇಕಾದರೆ ಹಳೇ ರೇಡಿಯೋಗಳಲ್ಲಿರುತ್ತಿದ್ದ ವಾಲ್ವೇ ಗತಿ ಎಂದು ಬಲ್ಲವರು ಬರೆದುದನ್ನು ಓದಿದ್ದೆ. ಗಾಳಿಬೀಡಿನ ಎಸ್ಟೇಟ್ ಬಂಗಲೆಯೊಂದರಲ್ಲಿ ಹಳೇ ಸಾಮಾನಿನ ನಡುವೆ ಬಿದ್ದಿದ್ದ ವಾಲ್ವ್ ಆಂಪ್ಲಿಫೈಯರನ್ನು ಸೊಂಟ ಹಿಡಿದುಕೊಂಡು ಹೊತ್ತು ತಂದೆ. ಗಾಜಿನ ಬುರುಡೆಗಳು ಕೆಂಪಗೆ ಕಾದವು, ಪೀಪಿ ಜೇನಾಯಿತು, ನಾನು ಕಣ್ಣು ಮುಚ್ಚಿ ತಲೆದೂಗಿದೆ. "ಹ್ಞಾಂ, ಈಗ ಕೇಳ್ಬೋದು" ಎಂದು ಮುತ್ತಮ್ಮ ಬೀನ್ಸ್ ಮುರಿಯತೊಡಗಿದಳು. ಅವಳ ಪಾದಗಳು ಮಿಸುಕಲಿಲ್ಲ.

ಮುಂದಿನದು ನನ್ನ ತಾಂಡವ. ಸ್ಪೀಕರುಗಳನ್ನು ಮೂಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಎಳೆದೆ. ಅಡಿಗೆ ಕಲ್ಲಿಟ್ಟೆ, ಹಿಂದೆ ದಿಂಬು ತುರುಕಿದೆ, ತಂತಿ ಬದಲಿಸಿದೆ. ಮದುವೆಯೋ ಹತ್ತಿರವಾಗುತ್ತಿತ್ತು, ಪಾದಗಳೋ ಇದ್ದಲ್ಲೇ ಇದ್ದವು. ಕೊನೆಗೊಮ್ಮೆ ಸುಸ್ತಾಗಿ ಅವಳ ಪಕ್ಕ ನೆಲದ ಮೇಲೆ ಕೂತಾಗ ಬುದ್ಧಿ ಬಂತು. ನಮ್ಮ ಮನೆತನದಲ್ಲಿ ಸಂಗೀತವೆಂದರೆ ಚಕ್ಕಳಮಕ್ಕಳ ಹಾಕಿ ಕಿವಿಯಿಂದ ಕೇಳುವುದು. ಅವಳ ಕಡೆಯವರು ಅಂಗಾಲಿನಿಂದ ಕೇಳುತ್ತಾರೆ. ನಾನು ಪೀಪಿಯ ಮಾಧುರ್ಯಕ್ಕೆ ಮರುಳಾಗಿ ಡೋಲನ್ನು ಗಮನಿಸಿಯೇ ಇರಲಿಲ್ಲ. ಈ ವಾಲ್ವ್ ಮಹಾಶಯ ಸ್ಪೀಕರಿನೊಳಗಿನ ಪರದೆಯನ್ನು ಮುಂದಕ್ಕೇನೋ ತಳ್ಳುತ್ತಿದ್ದ, ಸಮಯಕ್ಕೆ ಸರಿಯಾಗಿ ಹಿಡಿದು ನಿಲ್ಲಿಸಲಾರ. ಬೇಸ್, ಅಂದರೆ ತಗ್ಗಿನ ನಾದ, ಸಡಿಲಾಗಿ, ಡೋಲಿನ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲವೂ ಕೆಸರಾಗುತ್ತಿತ್ತು. ಒಮ್ಮೆ ಜಾರಿದವಳು ಅಂಥ ತಾಳವನ್ನು ನಂಬಿ ಕಾಲೂರುವುದಾದರೂ ಹೇಗೆ?

ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೇ ಮತ್ತೆ ಕರೆತಂದು ಸ್ಪೀಕರುಗಳ ಲಗಾಮನ್ನು ಅದರ ಕೈಗೆ ಕೊಟ್ಟೆ. ಅದರ ಮುಂದೆ ವಾಲ್ವ್ ಇರುವ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿ ಇಟ್ಟೆ. ಬರುವ ನಾದದ ಒರಟನ್ನು ಸವರಿ ಮುಂದಕ್ಕೆ ಕಳಿಸುವುದಷ್ಟೇ ಅದರ ಉದ್ಯೋಗ. ಎಳೆದಾಡುವ ಕೆಲಸವನ್ನು ಮೃದುಭಾಷಿಗಳಿಗೆ ವಹಿಸಬಾರದೆಂಬುದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತಿಳಿದಿದ್ದ ವಿಷಯ, ನನಗೆ ಮಾತ್ರ ತಡವಾಗಿ ತಿಳಿಯಿತು.

ಒಂದು ಭಾನುವಾರ ಮಧ್ಯಾಹ್ನ ವಾಲಗ ಹಾಕಿದೆ. ಪೀಪಿ ಹಿತವಾಗಿತ್ತು, ಡೋಲಿನ ಒಂದೊಂದು ಪೆಟ್ಟೂ ಬಿದ್ದು, ನಿಂತು, ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟಿತು. ಮುತ್ತಮ್ಮನ ಹೆಬ್ಬೆರಳು ಅಲುಗಿತು. ಆಮೇಲೆ ಹಿಮ್ಮಡಿ. ನನಗೆ ತಡೆಯಲಾಗದೆ ಬೇಸನ್ನು ಇನ್ನಷ್ಟು ಏರಿಸಲು ಧಾವಿಸಿದೆ.

"ಮುಟ್ಬೇಡಿ ಅದನ್ನು! ನಿಮ್ಗೆ ಒಂದು ಗಳಿಗೆ ಸುಮ್ನೆ ಇರ್ಲಿಕ್ಕೆ ಆಗುದಿಲ್ವ? ಇಲ್ಲಿ ಬನ್ನಿ, ಕೈ ಕೊಡಿ."

ಕೊಟ್ಟೆ. ಅವಳು ಎದ್ದಳು. ಕೋಲು ಕುರ್ಚಿಗೆ ಒರಗಿಯೇ ಇತ್ತು. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ, ಪುಟ್ಟವೇ, ಆದರೆ ಡೋಲಿನ ಮೇಲೆ ಕರಾರುವಾಕ್ಕಾಗಿ ಬೀಳುತ್ತಿದ್ದವು. ನನ್ನ ಅರ್ಚಕ ಪಾದಗಳು ಒಂದಕ್ಕೊಂದು ತೊಡರಿದವು. ಕಣ್ಣು ಮಂಜಾಯಿತು. ಇಷ್ಟು ದಿನ ಸ್ಪೀಕರು, ತಂತಿ, ದಿಂಬು ಎಂದು ಮನೆ ತುಂಬ ಓಡಾಡಿದ್ದೆಲ್ಲ ಅವಳು ಇನ್ನು ಏಳುವುದೇ ಇಲ್ಲವೇನೋ ಎಂಬ ಹೆದರಿಕೆ, ಬೇರೇನೂ ಅಲ್ಲ. ಮುತ್ತಮ್ಮ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಡುಗ್ಬೇಡಿ," ಎಂದಳು, "ನಾನು ಹಿಡ್ಕೊಂಡಿದ್ದೇನಲ್ಲ, ಬೀಳುದಿಲ್ಲ ನೀವು."