ಪಕ್ಕದ ಮನೆಯ ಅಜ್ಜಿಯ ಕೈಗಾಡಿ

ಹೋದ ವಾರ ನಾವೀಗ ಇರುವ ಪಿನ್ನರ್‌ನ ಮನೆಯ ಗ್ಯಾರೇಜ್ ಸ್ವಚ್ಛ ಮಾಡುವಾಗ ಒಂದು ಹಳೆಯ ಶಾಪಿಂಗ್ ಟ್ರಾಲಿ ಸಿಕ್ಕಿತು. ಎಳೆದರೆ ಎಡಗಡೆಯ ಚಕ್ರ ಈಗಲೂ ಕಿರುಗುಟ್ಟುತ್ತದೆ. ಚೀಲದೊಳಗೆ ಇನ್ನೂ ಹಿಟ್ಟಿನ ಹುಳಿವಾಸನೆ... ಅಲ್ಲೇ ಕುಳಿತುಬಿಟ್ಟೆ. ಮೊದಲು ನಾವಿದ್ದ ಫೆಲ್ಥಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು.

ತೊಂಬತ್ತರ ದಶಕದ ಮಾತು. ಧಾರವಾಡದಿಂದ ಈ ದೇಶಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಗಂಡನಿಗೆ ಏರ್‌ಪೋರ್ಟಿನಲ್ಲಿ ನಸುಕಿನ ಶಿಫ್ಟ್. ಒಂದು ಸಂಜೆ ಯಾರೋ ನಮ್ಮ ಕಿಟಕಿಗೆ ಕಲ್ಲು ಹೊಡೆದರು. ಮಗಳ ಶಾಲೆಯ ದಾರಿಯಲ್ಲಿ, ರಸ್ತೆಯಡಿಯ ಸಬ್‌ವೇಯಲ್ಲಿ ಪುಂಡರು ನಮ್ಮನ್ನು ಕಂಡರೆ ಉಗುಳುತ್ತಿದ್ದರು. ಹೊಸ್ತಿಲವರೆಗೆ ಹೋಗಿ, ಚಿಲಕ ಹಾಕಿ ಹಿಂದಿರುಗುತ್ತಿದ್ದೆ.

"ಎಷ್ಟ್ ದಿನಾ ಹಿಂಗ ಬಾಗಲಾ ಹಾಕ್ಕೊಂಡ ಕೂಡತಿ?" ಎಂದು ಗಂಡ ಕೇಳಿದರೂ ನಾನು ಹೊರಗೆ ಹೊರಡಲಿಲ್ಲ. ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿತು.

ಐದನೆಯ ದಿನ ಅಜ್ಜಿ ಟ್ರಾಲಿಯಲ್ಲಿ ಬಿಸಿ ಬ್ರೆಡ್ ಇಟ್ಟುಕೊಂಡು ಬಂದರು. ಏಲಕ್ಕಿ ಹಾಕಿ ಚಹಾ ಕೊಟ್ಟೆ. ಮುಟ್ಟಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ನಮ್ಮಜ್ಜಿ ಮಡಿ ಎಂದು ಕಂಡವರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ; ಈ ಬಿಳಿ ಅಜ್ಜಿಯದೂ ಅದೇ ಮಡಿ ಎಂದುಕೊಂಡೆ. ನನ್ನ ಮುಖ ನೋಡಿ ಅವರಿಗೆ ತಿಳಿದಿರಬೇಕು.

"ನಾನು ಮಾರ್ಮನ್, ಡಿಯರ್. ನಮ್ಮ ಧರ್ಮದಲ್ಲಿ ಟೀ ಕುಡಿಯೋದಿಲ್ಲ. ಹಾಲಿದ್ದರೆ ಕೊಡು," ಎಂದರು. ನಾಚಿಕೆಯಿಂದ ಹಾಲು ಉಕ್ಕಿಸಿಬಿಟ್ಟೆ.

ಮರುದಿನದಿಂದ ಅವರೇ ನಮ್ಮ ಜೊತೆ ಶಾಲೆಗೆ ಹೊರಟರು. ಮಗಳ ಚೀಲ ಟ್ರಾಲಿಯಲ್ಲಿ. ಅದನ್ನು 'ನನ್ನ ಕೈಗಾಡಿ' ಎನ್ನುತ್ತಿದ್ದರು. ಅವರ ಮುತ್ತಜ್ಜಿಯ ತಂಗಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ಹಿಟ್ಟು ಹಾಸಿಗೆ ಹೇರಿದ ಕೈಗಾಡಿ ಎಳೆಯುತ್ತ, ತಮ್ಮ ಧರ್ಮದವರ ಜೊತೆ ಸಾಲ್ಟ್ ಲೇಕ್ ಕಣಿವೆ ಸೇರಿದ್ದಳಂತೆ. ಮುತ್ತಜ್ಜಿ ಮಾತ್ರ ಹೆದರಿ ಬಂದರಿನಿಂದಲೇ ಹಿಂದಿರುಗಿದಳಂತೆ. "ನಾನು ಹೆದರಿದವಳ ಸಂತಾನ," ಎಂದು ನಗುತ್ತಿದ್ದರು.

ಆ ತಂಗಿಗಿಂತ ಮೊದಲೇ ಆ ಕಣಿವೆಗೆ ಹೊರಟಿದ್ದ ಅವರ ಧರ್ಮದವರು ತಮ್ಮನ್ನು 'ಇಸ್ರೇಲಿನ ಪಾಳೆಯ' ಎಂದೇ ಕರೆದುಕೊಂಡಿದ್ದರಂತೆ. ಹಿಂದೆ ಇಸ್ರೇಲರು ದೊರೆ ಫರೋಹನ ಕಾಟಕ್ಕೆ ಈಜಿಪ್ಟ್ ಬಿಟ್ಟರು. ಇವರು ಮನೆಗೆ ಬೆಂಕಿ ಇಟ್ಟವರ ಕಾಟಕ್ಕೆ ಊರು ಬಿಟ್ಟರು. ಅವರಿಗೆ ಸಮುದ್ರ ಇಬ್ಭಾಗವಾಯಿತು, ಇವರಿಗೆ ಮಿಸಿಸಿಪ್ಪಿ ನದಿ ಹೆಪ್ಪುಗಟ್ಟಿ ದಾರಿಯಾಯಿತು. ಅವರು ಕೊನೆಗೆ ಜೋರ್ಡನ್ ಹೊಳೆ ದಾಟಿ ತಮ್ಮ ನಾಡು ಸೇರಿದರು, ಇವರು ಕಣಿವೆಯಲ್ಲಿ ಸಿಕ್ಕ ಹೊಳೆಗೆ ಜೋರ್ಡನ್ ಎಂದೇ ಹೆಸರಿಟ್ಟರು. ಸಬ್‌ವೇಯ ಬಾಯಲ್ಲಿ ನಾನು ನಿಂತುಬಿಟ್ಟರೆ ಅಜ್ಜಿ ಹೇಳುತ್ತಿದ್ದರು: "ಹಳೆಯ ಜೋರ್ಡನ್‌ನಲ್ಲಿ ಇಸ್ರೇಲರ ಕಾಲು ಒದ್ದೆಯಾದ ಮೇಲೇ ನೀರು ನಿಂತದ್ದು. ಮೊದಲು ಕಾಲಿಡು." ನನ್ನಷ್ಟೇ ಹೆದರಿದ್ದರೂ ನನ್ನ ಕೈ ಹಿಡಿದು ತಾವೇ ಮೊದಲು ಕಾಲಿಡುತ್ತಿದ್ದರು. ಪುಂಡರು ಏನೋ ಗೊಣಗಿದರು, ದಾರಿ ಬಿಟ್ಟರು.

ಆ ಕಣಿವೆಯನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ. ಆದರೆ ತಲೆಯ ಮೇಲೆ ದಿನವಿಡೀ ವಿಮಾನ ಹಾರುವ ಊರಿನಲ್ಲಿದ್ದೂ ಅವರಿಗೆ ವಿಮಾನವೆಂದರೆ ಜೀವಭಯ. ಎರಡು ಸಾವಿರದ ಐದರ ಬೇಸಿಗೆಯಲ್ಲಿ, ಅಂತೂ ಟಿಕೆಟ್ ತೆಗೆಸಿದರು.

"ಏರ್‌ಪೋರ್ಟಿನಲ್ಲಿ ನಾನು ಒಳಗೆ ಹೋಗುವವರೆಗೆ ಕೈ ಹಿಡಿದುಕೊಂಡಿರ್ತೀಯಾ?" ಎಂದು ಕೇಳಿದರು. ಖಂಡಿತ ಎಂದೆ.

ಅಷ್ಟರಲ್ಲಿ ನೆಲದಡಿಯ ಟ್ಯೂಬ್ ರೈಲಿನಲ್ಲಿ ಬಾಂಬ್ ಸಿಡಿದವು. ಹೆದರುವವರ ಮೇಲೆ ಹಾವು ಎಸೆದಂತಾಯಿತು. ನಮ್ಮ ಬಣ್ಣದವರು ಚೀಲ ಹಿಡಿದು ಕುಳಿತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಏರ್‌ಪೋರ್ಟಿನಲ್ಲಿ ಬಂದೂಕಿನ ಪೊಲೀಸರ ಮುಂದೆ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ಅವರು ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ, ಮಗಳಿಗೆ ಜ್ವರ ಎಂದೆ.

"ಸರಿ, ಡಿಯರ್," ಎಂದರು. ಪರದೆಯ ಮರೆಯಿಂದ ನೋಡಿದೆ. ಟ್ಯಾಕ್ಸಿಗೆ ಒಬ್ಬರೇ ಹತ್ತಿದರು.

ಸಂಜೆಯೊಳಗೆ ಟ್ಯಾಕ್ಸಿ ಮರಳಿತು. ವಿಮಾನ ಹತ್ತಲಾಗದೆ ಹಿಂದಿರುಗಿದ್ದರು. ಸ್ವಲ್ಪ ಹೊತ್ತಿಗೆ ಮಗಳಿಗೆಂದು ಸೂಪ್ ತಂದರು. ನಾನು ಮೇಲಿನ ಕೋಣೆಯಿಂದ ಇಳಿಯಲೇ ಇಲ್ಲ. ಅದರ ಬಗ್ಗೆ ಅವರು ಎಂದೂ ಒಂದು ಮಾತು ಆಡಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು. ಟ್ರಾಲಿಯನ್ನು ನನಗೆ ಕೊಡಬೇಕೆಂದು ಚೀಟಿ ಬರೆದಿಟ್ಟಿದ್ದರು.

"ಮಮ್, ಇದನ್ನ ಬಿನ್‌ಗೆ ಹಾಕ್ಲಾ?" ಗ್ಯಾರೇಜಿಗೆ ಬಂದ ಮಗಳು ಕೇಳಿದಳು.

ಬೇಡವೆಂದೆ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೊರಬಿತ್ತು. "ಅಜ್ಜಿ ಹೊರಟ ದಿನಾ ನಿನಗ ಜ್ವರಾ ಐತಿ ಅಂತ ಸುಳ್ಳ ಹೇಳಿದ್ದೆ..."

"ಐ ನೋ, ಮಮ್," ಎಂದಳು ಮೆಲ್ಲಗೆ. "ಸೂಪ್ ತಂದಾಗ ಡೋರ್ ತೆಗೆದಿದ್ದು ನಾನೇ. ಆಟ ಮುಗಿಸಿ ಆಗಷ್ಟೇ ಬಂದಿದ್ದೆ, ಐ ಹ್ಯಾಡ್ ಮೈ ನೆಟ್‌ಬಾಲ್ ಕಿಟ್ ಆನ್."

ಹಾಗಾದರೆ ಅಜ್ಜಿಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ಕೈಗಾಡಿಯನ್ನು ನನಗೇ ಬಿಟ್ಟುಹೋದರು...